ಯಾರ ಸರದಿ?

ನಿನ್ನೆ ರಾತ್ರಿ ತ್ರೀ ಫೇಸ್ ಬಂದಿದ್ದು ಹನ್ನೊಂದಕ್ಕೆ. ಸರದಿ ನಂದು. ಮೋಟಾರ್ ಹಾಕಿ ಬದು ಮೇಲೆ ಕೂತಿದ್ದೆ. ಪಕ್ಕದಲ್ಲಿ ತಮ್ಮನ ಪಾಲಿನ ಟೊಮೇಟೊ ಬಾಡಿರೋದು ಬ್ಯಾಟರಿ ಬೆಳಕಲ್ಲೂ ಕಾಣ್ತಿತ್ತು. ಯಾಕೋ ಮಾರಿಯೋ ಆಟ ನೆನಪಾಯ್ತು.

ನಮ್ಮ ವಯಸ್ಸಿನೋರಿಗೆ ಗೊತ್ತಲ್ಲ, ಸೂಪರ್ ಮಾರಿಯೋ ಬ್ರದರ್ಸ್. ಜಪಾನಿನ ನಿಂಟೆಂಡೋ 1985ರಲ್ಲಿ ತಂದಿದ್ದು. ನಮ್ಮನೆಗೆ ಬಂದಿದ್ದು ತೊಂಬತ್ತರ ದಶಕದಲ್ಲಿ, ಅಪ್ಪ ಪೇಟೆಯಿಂದ ತಂದ ನಕಲಿ ಡಬ್ಬಿ, ಹಳದಿ ಕ್ಯಾಸೆಟ್. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ. ಸೇವ್ ಮಾಡೋ ಹಾಗಿಲ್ಲ, ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಪರದೆ ಮುಂದೆ ಸರಿದ್ರೆ ಹಿಂದಕ್ಕೆ ಬರೋ ಹಾಗೂ ಇಲ್ಲ.

ಮಾರಿಯೋ ನಾನು, ಲುಯಿಜಿ ತಮ್ಮ. ಇಬ್ಬರೂ ಒಟ್ಟಿಗೆ ಆಡೋ ಆಟ ಅಲ್ಲ ಅದು. ಮಾರಿಯೋ ಸತ್ತರೇ ಲುಯಿಜಿಗೆ ಸರದಿ. ನಾನು ಬೇಗ ಸಾಯ್ತಿರ್ಲಿಲ್ಲ. ಅವನು ಮಾತ್ರ "ಆಮೆ ಬಂತು, ಹಾರೋ ಅಣ್ಣಾ" ಅಂತ ಕೂಗ್ತಾ ಕಾಯ್ತಿದ್ದ. ಎಷ್ಟೋ ಸಲ ಅವನ ಸರದಿ ಬರೋದ್ರೊಳಗೆ ಕರೆಂಟೇ ಹೋಗಿರ್ತಿತ್ತು.

ಪಾಲಾದ ಮೇಲೆ ಇಬ್ಬರಿಗೂ ಬೋರ್ ಒಂದೇ, ದಿನ ಬಿಟ್ಟು ದಿನ ನೀರು. ಹೋದ ವಾರ ಎರಡು ರಾತ್ರಿ ಅವನ ಸರದೀಲೇ ಕರೆಂಟ್ ಬರ್ಲಿಲ್ಲ. "ನಿನ್ನ ಹಣೆಬರಹ" ಅಂದಿದ್ದೆ. ಅವನು ಏನೂ ಅನ್ಲಿಲ್ಲ.

ಎದ್ದು ಹೋಗಿ ವಾಲ್ವ್ ಅವನ ಕಡೆ ತಿರುಗಿಸ್ದೆ. ಫೋನ್ ಮಾಡಿ, "ನೀರು ಬಿಟ್ಟಿದೀನಿ, ಬಾರೋ" ಅಂದೆ.

ಇನ್ಮೇಲೆ ನಮ್ಮಲ್ಲಿ ದಿನದ ಲೆಕ್ಕ ಇಲ್ಲ, ಕರೆಂಟ್ ಇದ್ದಷ್ಟು ಗಂಟೆ ಸಮಪಾಲು. ಒಂದೇ ಬೋರ್ ಹಂಚ್ಕೊಂಡಿರೋ ಅಣ್ತಮ್ಮಂದಿರು ನೀವು ಹೇಗೆ ಮಾಡ್ಕೊಂಡಿದೀರಿ, ತಿಳಿಸಿ.