ವಿಮಾನ ಕಾರ್ಖಾನೆಯ ಹುಡುಗರು

ಕೃಷ್ಣಾತೀರದ ಉಗಾರ ಬುದ್ರುಕದವರಿಗೆ ಕಾರ್ಖಾನೆ ಹೊಸದಲ್ಲ. ನೆರೆಯ ಉಗಾರ ಖುರ್ದದಲ್ಲಿಯೇ ಸಕ್ಕರೆ ಕಾರ್ಖಾನೆಯಿದೆ. ಅಲ್ಲಿಂದ ರೈಲು ಹಿಡಿದು ಬೆಂಗಳೂರಿಗೆ ಬಂದವರು ವಿಧಾನಸೌಧ, ಲಾಲ್‌ಬಾಗುಗಳನ್ನು ನೋಡಿದ ಮೇಲೆ ಅಶೋಕನಗರದ ಫುಟ್‌ಬಾಲ್ ಮೈದಾನಕ್ಕೂ ಒಮ್ಮೆ ಬರಬೇಕು. ಇದು ಇನ್ನೊಂದು ಕಾರ್ಖಾನೆಯ ಹುಡುಗರು ಆಡಿದ ನೆಲ.

1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಅದರ ಕಾಲ್ಚೆಂಡಿನ ತಂಡವು 2010ರಲ್ಲಿ ಎರಡನೆಯ ದರ್ಜೆಯಿಂದ ಮೇಲೇರಿ, ಅಂದು ದೇಶದ ಅಗ್ರಶ್ರೇಣಿಯಾಗಿದ್ದ ಐ-ಲೀಗನ್ನು ಪ್ರವೇಶಿಸಿತು. ಎದುರಿಗೆ ಕೋಲ್ಕತ್ತದ ಮೋಹನ ಬಾಗಾನ್, ಈಸ್ಟ್ ಬೆಂಗಾಲ್. ಗೋವೆಯ ಡೆಂಪೊ, ಚರ್ಚಿಲ್ ಬ್ರದರ್ಸ್! ಅವರ ಬಳಿ ಹಣ ತೆತ್ತು ಕರೆತಂದ ವಿದೇಶೀ ಆಟಗಾರರು. ಇವರಲ್ಲಿ ನಮ್ಮ ದೇಶದ ಹುಡುಗರು ಮಾತ್ರ. ಆದರೂ ಮೊದಲ ವರ್ಷ ತಂಡ ಉಳಿದುಕೊಂಡಿತು. ಹಿಂದೊಮ್ಮೆ ರಾಷ್ಟ್ರೀಯ ಲೀಗನ್ನು ಗೆದ್ದಿದ್ದ ಪಂಜಾಬಿನ ಜೆ.ಸಿ.ಟಿ. ತಂಡವೇ ಆ ವರ್ಷ ಕೆಳಗಿಳಿಯಿತೆಂದರೆ ಈ ಉಳಿವಿನ ಬೆಲೆ ತಿಳಿದೀತು. ಮರುವರ್ಷ, 2011–12ರಲ್ಲಿ, 26 ಪಂದ್ಯಗಳ ಭಾರವನ್ನು ತಾಳಲಾರದೆ ಎಚ್‌ಎಎಲ್ ಕೂಡ ಕೆಳಗಿಳಿಯಿತು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡವು ಇದೇ ಮೈದಾನವನ್ನು ತವರಾಗಿಸಿಕೊಂಡು, ಮೊದಲ ಋತುವಿನಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಆ ಗೆಲುವನ್ನು ಊರೆಲ್ಲ ಬಲ್ಲದು. ಅದಕ್ಕೂ ಮೊದಲು ಐ-ಲೀಗಿನ ದೊಡ್ಡ ತಂಡಗಳನ್ನು ಎರಡು ಋತುಗಳ ಕಾಲ ಬೆಂಗಳೂರಿಗೆ ಬರಮಾಡಿದವರು ಮಾತ್ರ ಈ ಕಾರ್ಖಾನೆಯ ಹುಡುಗರು.