ಬಯಲಿನ ಲೆಕ್ಕಕ್ಕೆ ಸಿಗದ ಮಲೆನಾಡು

ಮಲೆನಾಡಿನ ಊರುಗಳ ಸ್ಥಳಪುರಾಣಕ್ಕೆ ಈಚೆಗೆ ಹೊಸ ಅಧ್ಯಾಯವೊಂದು ಸೇರಿದೆ. ಚೌಡಿಬನ, ಭೂತನ ಕಟ್ಟೆ, ನಾಗರಬನಗಳ ಸಾಲಿನಲ್ಲಿ ಈಗ ನೆಟ್‌ವರ್ಕ್ ಸಿಗುವ ಜಾಗವೂ ಇದೆ. ಅದು ಬ್ಯಾಣದ ನೆತ್ತಿಯ ಮೇಲಿನ ಕರಿಕಲ್ಲಾಗಿರಬಹುದು, ಉಣುಗೋಲು ದಾಟಿದ ಮೇಲೆ ಸಿಗುವ ಹಲಸಿನ ಮರದ ಬುಡವಾಗಿರಬಹುದು, ಅಟ್ಟದ ಕಿಟಕಿಯ ಒಂದು ಮೂಲೆಯಾಗಿರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ, ಜೋಯಿಡಾ, ಸುಳ್ಯ, ಸೋಮವಾರಪೇಟೆ, ಯಾವ ತಾಲ್ಲೂಕಿನ ಒಳಹಳ್ಳಿಗೆ ಹೋದರೂ ನೆಂಟರಿಗೆ ಬಚ್ಚಲುಮನೆ ತೋರಿಸಿದ ಮೇಲೆ ತೋರಿಸುವುದು ಈ ಜಾಗವನ್ನೇ. ಅಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ಮಾತಿನ ಭರದಲ್ಲಿ ಒಂದು ಹೆಜ್ಜೆ ಆಚೀಚೆಯಾದರೆ ಮದುವೆಯ ಮಾತುಕತೆ ‘ಹುಡುಗನಿಗೆ ಒಂದೇ ಒಂದು...’ ಎನ್ನುವಲ್ಲಿಗೆ ನಿಂತುಹೋಗುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ಕಂಪನಿಯವರು, ಅಧಿಕಾರಿಗಳು, ಕೊನೆಗೆ ಊರಿನವರೂ ಬೆರಳು ತೋರಿಸುವುದು ಎದುರಿನ ಗುಡ್ಡದ ಕಡೆಗೆ. ಗುಡ್ಡಕ್ಕೆ ಬಾಯಿಲ್ಲದ ಕಾರಣ ಆರೋಪ ಇಷ್ಟು ವರ್ಷ ಬಾಳಿದೆ. ಅದರ ಪರವಾಗಿ ಯಾರಾದರೂ ವಕಾಲತ್ತು ಹಿಡಿಯಬೇಕು. ನೆಟ್‌ವರ್ಕನ್ನು ತಡೆದು ನಿಲ್ಲಿಸಿರುವುದು ಬಯಲುನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಲೆಕ್ಕ. ಗುಡ್ಡ ಬರೀ ನೆಪ.

ಗುಡ್ಡದ ಪಾಲು ಏನೂ ಇಲ್ಲ ಎನ್ನಲಾಗದು. ಮೊಬೈಲಿನ ರೇಡಿಯೋ ಅಲೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ, ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಎಲೆಯೊಳಗಿನ ನೀರೂ ಎಲೆಯ ಮೇಲೆ ಕೂತ ಮಳೆನೀರೂ ಅಲೆಯ ಕಸುವನ್ನು ಹೀರುತ್ತವೆ. ಸಾಲದ್ದಕ್ಕೆ ಮಲೆನಾಡಿನ ಮನೆ ಇರುವುದೇ ತಗ್ಗಿನಲ್ಲಿ. ಅಡಿಕೆಗೆ ನೀರು ಬೇಕು, ನೀರು ಕಣಿವೆಯ ತಳದಲ್ಲಿದೆ. ಹಾಗಾಗಿ ಕಣಿವೆಯಲ್ಲಿ ತೋಟ, ತೋಟದ ತಲೆಗೆ ಮನೆ, ಮನೆಯ ಹಿಂದೆ ದರೆ, ದರೆಯ ಮೇಲೆ ಸೊಪ್ಪಿನಬೆಟ್ಟ. ತಲೆಮಾರುಗಳಿಂದ ನೀರು, ನೆರಳು, ಗೊಬ್ಬರ ಒದಗಿಸಿದ ಈ ಜಾಣತನವೇ ಇವತ್ತು ಮನೆಯನ್ನು ಸಿಗ್ನಲ್ಲಿನ ಕಣ್ಣಿಗೆ ಬೀಳದಂತೆ ಮಾಡಿದೆ. ಆದರೆ ಅಲೆಗಳೆಲ್ಲ ಒಂದೇ ಬಗೆಯವಲ್ಲ. 700, 800, 900 ಮೆಗಾಹರ್ಟ್ಸ್‌ನಂಥ ಕಡಿಮೆ ಕಂಪನಾಂಕದ ಅಲೆಗಳು ದೂರ ಹೋಗುತ್ತವೆ, ಮರ–ಗೋಡೆಗಳನ್ನು ಅಷ್ಟಿಷ್ಟು ಹಾಯುತ್ತವೆ, ದಿಣ್ಣೆಯ ಅಂಚಿನಲ್ಲಿ ತುಸು ಬಾಗಲೂಬಲ್ಲವು. 2300 ಅಥವಾ 3300 ಮೆಗಾಹರ್ಟ್ಸ್‌ನವು ಡೇಟಾ ಹೆಚ್ಚು ಹೊರುತ್ತವೆ, ಬೇಗ ಸುಸ್ತಾಗುತ್ತವೆ. ಕಾಡುನಾಡಿಗೆ ಚೆನ್ನಾಗಿ ಒಗ್ಗಬಹುದಾದ 700 ಮೆಗಾಹರ್ಟ್ಸ್ ತರಂಗಗುಚ್ಛವನ್ನು 2016ರಲ್ಲಿ ಹರಾಜಿಗಿಟ್ಟಾಗ ಬೆಲೆ ಕೇಳಿ ಯಾರೂ ಮುಂದೆ ಬರಲಿಲ್ಲ. 2021ರಲ್ಲೂ ಬರಲಿಲ್ಲ. 2022ರ ಹರಾಜಿನಲ್ಲಿ ಅದನ್ನು ಕೊಂಡದ್ದು ಒಂದೇ ಒಂದು ಕಂಪನಿ. ಅಷ್ಟು ವರ್ಷ ಆ ಅಲೆಗಳನ್ನು ಉಗ್ರಾಣದಲ್ಲಿ ಕೂಡಿಹಾಕಿದ್ದು ಸಹ್ಯಾದ್ರಿಯ ಯಾವ ಶಿಖರ? ಅದು ಬೆಲೆಪಟ್ಟಿಯ ಕೆಲಸ.

ಇನ್ನು ಎಣಿಕೆಯ ವಿಚಾರ. ಸರ್ಕಾರದ ಕಡತದಲ್ಲಿ ನೆಟ್‌ವರ್ಕನ್ನು ಎಣಿಸುವುದು ಹಳ್ಳಿಯ ಲೆಕ್ಕದಲ್ಲಿ: ಇಷ್ಟು ಹಳ್ಳಿಗೆ ಬಂದಿದೆ, ಇಷ್ಟಕ್ಕೆ ಬಂದಿಲ್ಲ. ರಾಯಚೂರು, ವಿಜಯಪುರದ ಕಡೆ ಇದು ಸರಿಯಾದ ಅಳತೆಯೇ. ಅಲ್ಲಿ ಊರೆಂದರೆ ಅಗಸಿಯೊಳಗೆ ಗೋಡೆಗೆ ಗೋಡೆ ತಾಗಿಸಿ ಕೂತ ಮನೆಗಳು, ಸುತ್ತ ಕಣ್ಣು ಹರಿಯುವಷ್ಟು ಹೊಲ. ಒಂದು ಟವರ್ ನಿಲ್ಲಿಸಿದರೆ ಊರಿಗೂ ಹೊಲಕ್ಕೂ ಪಕ್ಕದ ಊರಿನ ಅರ್ಧಕ್ಕೂ ಸಾಕಾಗುತ್ತದೆ. ಮಲೆನಾಡಿನಲ್ಲಿ ಕಂದಾಯ ಗ್ರಾಮವೆಂಬುದು ಪಹಣಿಯಲ್ಲಿರುವ ಹೆಸರು. ನೆಲದ ಮೇಲೆ ಅದು ಇಲ್ಲಿ ನಾಲ್ಕು ಮನೆ, ಗುಡ್ಡದಾಚೆ ಎರಡು ಮನೆ, ಹಳ್ಳ ದಾಟಿದರೆ ಒಂದು ಒಂಟಿಮನೆ. ಪಂಚಾಯಿತಿ ಕಚೇರಿಯ ಎದುರು ಫೋನು ರಿಂಗಾದರೆ ಗ್ರಾಮಕ್ಕೆ ಸಂಪರ್ಕ ಬಂತೆಂದು ಬರೆದುಕೊಳ್ಳಲು ಅಡ್ಡಿಯಿಲ್ಲ. ಹಳ್ಳದಾಚೆಯ ಮನೆಯವರು ಕಾಗದದಲ್ಲಿ ಸಂಪರ್ಕಕ್ಕೆ ಸಿಗುತ್ತಾರೆ, ಫೋನಿನಲ್ಲಿ ಸಿಗುವುದಿಲ್ಲ. ನೆಟ್‌ವರ್ಕ್ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಮೆಚ್ಚಬೇಕಾದ ಕೆಲಸವೇ. ಆದರೆ ಅಲ್ಲಿಯೂ ಎಣಿಕೆಯ ಘಟಕ ಹಳ್ಳಿಯೇ. ‘ಇದೆ’ ಎಂದು ಒಮ್ಮೆ ಗುರುತು ಬಿದ್ದ ಹಳ್ಳಿಯ ಮೂಲೆಮನೆಗೆ ಇಂಥ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ.

ಗುಡ್ಡ ನಿಜಕ್ಕೂ ಅಡ್ಡಗೋಡೆಯಾಗಿದ್ದರೆ ಕರೆಂಟೂ ಅದನ್ನು ಹತ್ತಬಾರದಿತ್ತು. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಎದ್ದಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಕೆಳಗೆ ಹುಟ್ಟಿದ ವಿದ್ಯುತ್ತು ಕಾಡು, ಕಣಿವೆ, ಕೊರಕಲುಗಳನ್ನೆಲ್ಲ ದಾಟಿ ಬಯಲಿನ ಪೇಟೆಗಳನ್ನು ಬೆಳಗಿತು. ಕಾಳಿ ನದಿಯ ಸೂಪಾದಿಂದಲೂ ಕೈಗಾದಿಂದಲೂ ಹೀಗೆಯೇ ತಂತಿಗಳು ಹೊರಟವು. ಹೈಟೆನ್ಷನ್ ಲೈನಿನ ಟವರುಗಳು ಸಿಗ್ನಲ್ ಇಲ್ಲದ ಹಳ್ಳಿಗಳ ನೆತ್ತಿಯ ಮೇಲೆಯೇ ಸಾಲುಗಟ್ಟಿ ನಿಂತಿವೆ. ಒಯ್ಯುವಾಗ ದಾರಿ ಬಿಡುವ ಗುಡ್ಡ ಕೊಡುವಾಗ ಮಾತ್ರ ಅಡ್ಡ ಬರುತ್ತದೆಯೆಂದರೆ ನಂಬುವುದು ಹೇಗೆ? ಅದೇ ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಗೆ ಸೇತುವೆ ಬಂದದ್ದು 2025ರ ಜುಲೈನಲ್ಲಿ. ಶಿವಮೊಗ್ಗ ಜಿಲ್ಲೆಯ ಮಲೆನಾಡಿಗರು 2021ರಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಅಭಿಯಾನ ಹೂಡಿದ್ದು ಸುಮ್ಮನೆ ಬಂದ ಸಿಟ್ಟಿನಿಂದಲ್ಲ. ಜಾಗಕ್ಕೆ ತಕ್ಕ ಯಂತ್ರ ಮಾಡುವ ವಿದ್ಯೆ ನಮಗೆ ಹೊಸದೂ ಅಲ್ಲ. 1984ರಲ್ಲಿ ಹುಟ್ಟಿದ ಸಿ–ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜೊಂದನ್ನು ರೂಪಿಸಿತು. ಧೂಳು, ಸೆಕೆ, ಏರಿಳಿಯುವ ಕರೆಂಟು ಎಲ್ಲವನ್ನೂ ತಾಳಿಕೊಂಡು, ಏಸಿಯ ಹಂಗಿಲ್ಲದೆ ನಡೆಯುವಂಥದು ಅದು. ಅದರಲ್ಲಿ ಮೊದಲನೆಯದು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹಳ್ಳಿ ಹೇಗಿದೆ ಎಂದು ಮೊದಲು ನೋಡಿ ಆಮೇಲೆ ಯಂತ್ರ ಮಾಡಿದ್ದರಿಂದ ಅದು ಸಾಧ್ಯವಾಯಿತು.

ನಾಲ್ಕು ಮನೆಗೊಂದು ಟವರ್ ಹಾಕಿದರೆ ಯಾವ ಕಂಪನಿಗೆ ಗಿಟ್ಟೀತು ಎಂಬ ಪ್ರಶ್ನೆ ಇದ್ದೇ ಇದೆ. ಗಿಟ್ಟುವುದಿಲ್ಲ, ನಿಜ. ಗಿಟ್ಟುವುದಿಲ್ಲವೆಂದು ಗೊತ್ತಿದ್ದೇ 2002ರಲ್ಲಿ ಸರ್ಕಾರ ಒಂದು ನಿಧಿ ಮಾಡಿತು. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ ಶೇ 5ರಷ್ಟನ್ನು ಇದಕ್ಕೆ ಕೊಡಬೇಕು. ಲಾಭ ಕಾಣದ ಕಡೆ ಸೇವೆ ಒದಗಿಸುವುದು ಅದರ ಉದ್ದೇಶ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿದೆ. ಕಂಪನಿಗಳಿಗೆ ಆ ದುಡ್ಡು ಬರುವುದು ನಮ್ಮ ನಿಮ್ಮ ರೀಚಾರ್ಜಿನಿಂದ. ಬ್ಯಾಣದ ಕಲ್ಲಿನ ಮೇಲೆ ನಿಂತು ಮಾತಾಡುವವರು ದಿನಕ್ಕೆ ಹತ್ತು ನಿಮಿಷ ನೆಟ್‌ವರ್ಕ್ ಕಂಡರೂ ಪೂರ್ತಿ 28 ದಿನದ ಪ್ಯಾಕಿಗೇ ದುಡ್ಡು ಕಟ್ಟುತ್ತಾರೆ, ಅವರಿಗೆ ಅದರಲ್ಲಿ ರಿಯಾಯಿತಿ ಇಲ್ಲ. ಮೂರು ಕಂಪನಿ ಮೂರು ಟವರ್ ನೆಡಬೇಕಾದ ಅಗತ್ಯವೂ ಈಗ ಕಡಿಮೆಯಾಗಿದೆ: ಈ ನಿಧಿಯಿಂದ ಕಟ್ಟಿದ 4ಜಿ ಟವರುಗಳನ್ನು ಬೇರೆ ಕಂಪನಿಯ ಸಿಮ್ ಇರುವವರೂ ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿತು. ಅಂಚೆಯಣ್ಣನನ್ನೂ ಕೆಂಪು ಬಸ್ಸನ್ನೂ ಘಟ್ಟದ ಮೂಲೆಗೆ ಕಳಿಸಿದಾಗ ಯಾರೂ ಗಿರಾಕಿಗಳನ್ನು ಎಣಿಸಿ ಕಳಿಸಲಿಲ್ಲ.

ಕಾಡಿನ ಕಾಳಜಿಯಿಂದ ಬರುವ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಪಶ್ಚಿಮ ಘಟ್ಟದಲ್ಲಿ ಒಂದು ಟವರ್ ಎಂದರೆ ಒಂದು ರಸ್ತೆ, ರಸ್ತೆಯ ಹಿಂದೆ ರೆಸಾರ್ಟು ಎಂಬ ಭಯ ಸುಳ್ಳಲ್ಲ. ಆದರೆ ಕಾಡಿನೊಳಗೆ ಬಾಳುವವರಿಗೆ ಏನೇನು ಬೇಕು ಎಂಬುದನ್ನು ಕಾನೂನು ಮೊದಲೇ ಯೋಚಿಸಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿಗಳ ಸಾಲಿನಲ್ಲಿಯೇ ವಿದ್ಯುತ್ ಮತ್ತು ದೂರಸಂಪರ್ಕದ ಲೈನುಗಳನ್ನೂ ಹೆಸರಿಸಿ, ಗ್ರಾಮಸಭೆಯ ಶಿಫಾರಸಿದ್ದರೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಕೊಡಲು ಅವಕಾಶ ಮಾಡಿದೆ. ಎಲ್ಲ ಕಡೆ ಟವರೇ ಬೇಕೆಂದೂ ಇಲ್ಲ. ಇರುವ ವಿದ್ಯುತ್ ಕಂಬಗಳ ಮೇಲೆ ಫೈಬರ್ ಎಳೆದರೆ ಒಂದು ಮರವನ್ನೂ ಕಡಿಯದೆ ಒಂಟಿಮನೆಗೆ ವೈಫೈ ಕೊಡಬಹುದು. ವೈಫೈ ಇದ್ದಲ್ಲಿ ಮಾಮೂಲಿ ಕರೆಯೂ ಹೋಗುತ್ತದೆ. ಗಾಳಿಮಳೆಗೆ ಫೈಬರ್ ಹರಿಯುತ್ತದೆ ಎಂಬುದು ಸರಿ, ಕರೆಂಟಿನ ತಂತಿಯೂ ಹರಿಯುತ್ತದೆ; ಅದಕ್ಕೆ ಲೈನ್‌ಮ್ಯಾನ್ ಇದ್ದಾರೆ, ಇದಕ್ಕೂ ಒಬ್ಬರು ಬೇಕು. ಟವರಿನ ವಿಕಿರಣಕ್ಕೆ ಹೆದರುವವರು ಇನ್ನೊಂದನ್ನು ಗಮನಿಸಬೇಕು. ಟವರ್ ದೂರವಾದಷ್ಟೂ ಅದನ್ನು ತಲುಪಲು ಕೈಯಲ್ಲಿರುವ ಫೋನೇ ಹೆಚ್ಚು ಶಕ್ತಿ ಹಾಕಿ ಅಲೆ ಬಿಡುತ್ತದೆ. ಸಿಗ್ನಲ್ ಸಿಗದ ಊರಿನಲ್ಲಿ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿಯಾಗಲು ಅದೂ ಒಂದು ಕಾರಣ.

ನೆಟ್‌ವರ್ಕ್ ಇಲ್ಲದಿರುವುದೇ ಮಲೆನಾಡಿನ ಭಾಗ್ಯ ಎನ್ನುವವರದು ಮತ್ತೊಂದು ವಾದ. ಪೇಟೆಯಿಂದ ಹೋಂಸ್ಟೇಗೆ ಬಂದವರಿಗೆ ಸಿಗ್ನಲ್ ಸಾಯುವ ತಿರುವಿನಲ್ಲಿಯೇ ಸ್ವರ್ಗ ಶುರುವಾಗುತ್ತದೆ. ಅವರ ಸುಖವನ್ನು ಅಣಕಿಸಬೇಕಾಗಿಲ್ಲ. ಫೋನಿನ ಕಾಟ ಪೇಟೆಯಲ್ಲೂ ಹಳ್ಳಿಯಲ್ಲೂ ಒಂದೇ. ಆದರೆ ಬೇಕೆಂದಾಗ ಫೋನು ಆರಿಸುವುದು ಸುಖ, ಬೇಕಾದಾಗ ಹತ್ತದೇ ಇರುವುದು ಕಷ್ಟ. ಏಕಾದಶಿಯ ಉಪವಾಸವನ್ನು ಮನೆಯಲ್ಲಿ ಅಕ್ಕಿಯಿಲ್ಲದ ಹಸಿವಿನೊಂದಿಗೆ ಹೋಲಿಸಿ ಹೊಗಳಲಾಗದು. ಸ್ವರ್ಗಕ್ಕೆ ಬಂದವರು ಭಾನುವಾರ ಸಂಜೆ ಹೊರಡುತ್ತಾರೆ. ಉಳಿಯುವ ಮನೆಯವರಿಗೆ ರಾತ್ರಿ ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಲೂ ಗುಡ್ಡ ಹತ್ತಬೇಕು. ಜನ ಹೇಗೋ ಹೊಂದಿಕೊಂಡಿದ್ದಾರಲ್ಲ ಎನ್ನುವುದೂ ಇದರ ತಮ್ಮನಂಥ ವಾದ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ಮೆಚ್ಚಿತು. ಆ ವರ್ಷವೇ ಕೊಡಗಿನ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಮಕ್ಕಳಿಗೆ ಪಾಠ ಮಾಡಿದರು. ಇವರನ್ನು ಹೊಗಳುವುದು ಸುಲಭ. ಹೊಗಳಿಕೆಯ ಗದ್ದಲದಲ್ಲಿ ಅವರು ರಸ್ತೆಗೂ ಮರಕ್ಕೂ ಯಾಕೆ ಬರಬೇಕಾಯಿತು ಎಂಬ ಪ್ರಶ್ನೆ ಕೇಳಿಸದೆ ಹೋಗುತ್ತದೆ.

ಹತ್ತು–ಹದಿನೈದು ವರ್ಷದ ಹಿಂದೆ ನೆಟ್‌ವರ್ಕ್ ಇಲ್ಲದಿದ್ದರೆ ನೆಂಟರ ಸುದ್ದಿ ತಡವಾಗುತ್ತಿತ್ತು, ಅಷ್ಟೇ. ಈಗ ಅಕ್ಕಿ ತಡವಾಗುತ್ತದೆ. ಪಡಿತರಕ್ಕೆ ಹೆಬ್ಬೆಟ್ಟು ಒತ್ತಬೇಕು, ಬ್ಯಾಂಕಿಗೆ ಒಟಿಪಿ ಹೇಳಬೇಕು. ಹೆಬ್ಬೆಟ್ಟು ತಂದವರಿಗೆ ಸರ್ವರ್ ಇಲ್ಲ, ಒಟಿಪಿ ಬರುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ. ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು ದಿನಕ್ಕೆರಡು ಸಲ ಫೋಟೋ ತೆಗೆದು ಆ್ಯಪಿನಲ್ಲಿ ಹಾಕುವುದು 2023ರ ಜನವರಿಯಿಂದ ಕಡ್ಡಾಯವಾಯಿತು. ಹೀಗೆ ಸಿಗ್ನಲ್ ಸವಲತ್ತಿನ ಸ್ಥಾನದಿಂದ ಷರತ್ತಿನ ಸ್ಥಾನಕ್ಕೆ ಏರಿದೆ. ಡಿಜಿಟಲ್ ಸೌಲಭ್ಯ ಎಲ್ಲರಿಗೂ ದಕ್ಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದ್ದು ಇದೇ ತರ್ಕದ ಮೇಲೆ. ಷರತ್ತು ಹಾಕುವವರು ಅದನ್ನು ಪೂರೈಸುವ ದಾರಿಯನ್ನೂ ಕೊಡಬೇಕು. ದಾರಿ ಕೊಡುವವರೆಗೆ ಪುಸ್ತಕ, ಸಹಿ, ಕಾಗದದ ಹಳೆಯ ಬಾಗಿಲನ್ನು ಮುಚ್ಚಬಾರದು.

ಹಾಗಾದರೆ ತಿದ್ದಬೇಕಾದದ್ದು ಲೆಕ್ಕ ಹಾಕುವ ಕ್ರಮವನ್ನು. ಮೊದಲನೆಯದಾಗಿ, ಹಳ್ಳಿಯ ಬದಲು ಮನೆಯನ್ನು ಎಣಿಸಬೇಕು. ಇದು ಆಗದ ಕೆಲಸವೇನಲ್ಲ. ಕರೆಂಟಿನ ಮೀಟರನ್ನು ಮನೆಮನೆಗೆ ಹೋಗಿ ಓದುವವರು ಪ್ರತಿ ತಿಂಗಳೂ ಬರುತ್ತಾರೆ. ಎರಡನೆಯದಾಗಿ, ಟವರ್ ನಿಂತಿದೆಯೇ ಎಂದು ಕೇಳುವುದರ ಜತೆಗೆ ಮಾತಾಡುತ್ತಿದೆಯೇ ಎಂದೂ ಕೇಳಬೇಕು. ಮಲೆನಾಡಿನಲ್ಲಿ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಟವರಿನ ಬ್ಯಾಟರಿ ತುಸು ಹೊತ್ತು ಎಳೆದು ಕೈಚೆಲ್ಲುತ್ತದೆ, ಜನರೇಟರಿಗೆ ಡೀಸೆಲ್ ಹಾಕಿಸುವವರು ಬೇಕು. ಗುಡ್ಡ ಕುಸಿಯುವ, ಹೊಳೆ ಉಕ್ಕುವ, ಆಂಬುಲೆನ್ಸ್ ಬೇಕಾಗುವ ದಿನಗಳಲ್ಲಿಯೇ ಫೋನು ಮೂಕಾಗುವುದು ಈ ಕಾರಣಕ್ಕೆ. ಬಿಸಿಲುಗಾಲದಲ್ಲಿ ನಡೆಯುವ ಸಮೀಕ್ಷೆಗೆ ಇದೊಂದೂ ಕಾಣುವುದಿಲ್ಲ. ಆದ್ದರಿಂದ ನೆಟ್‌ವರ್ಕ್ ಅಳೆಯಲು ಬರುವವರು ಆಷಾಢದಲ್ಲಿ ಬರಲಿ, ಕಂಬಳಿಕೊಪ್ಪೆ ಹೊದ್ದು ಕೊನೆಯ ಮನೆಯ ಜಗುಲಿಯವರೆಗೆ ಬರಲಿ, ಅಲ್ಲಿಂದಲೇ ತಮ್ಮ ವರದಿಯನ್ನು ಮೇಲಿನವರಿಗೆ ವಾಟ್ಸ್ಆ್ಯಪ್ ಮಾಡಲಿ. ವರದಿ ಹೋದರೆ ಆ ಮನೆಗೆ ನೆಟ್‌ವರ್ಕ್ ಇದೆ ಎಂದು ಬರೆದುಕೊಳ್ಳಲು ಊರಿನವರದೇನೂ ತಕರಾರಿಲ್ಲ.