ಕೂಸಿನ ತೂಕವೆಷ್ಟು?

ಕೂಸು ಹುಟ್ಟಿದ ತಿಥಿ ಯಾವುದು, ನಕ್ಷತ್ರ ಯಾವುದು ಎಂದು ಕೇಳಿದರೆ ನಮ್ಮ ಗೃಹಿಣಿಯರು ತಡವರಿಸದೆ ಹೇಳುವರು. ಅದರ ಕಾಲ್ಗಡಗವು ಎಷ್ಟು ತೊಲೆ ಬೆಳ್ಳಿಯದೆಂಬುದನ್ನೂ ಹೇಳುವರು. ತೂಕವೆಷ್ಟೆಂದು ಕೇಳಿದೊಡನೆ ಮಾತ್ರ ಮನೆಮಂದಿಯೆಲ್ಲ ಒಬ್ಬರ ಮುಖವನ್ನೊಬ್ಬರು ನೋಡತೊಡಗುವರು. ಸಾಮಾನ್ಯ ದಿನಗಳಲ್ಲಿ ಈ ಮೌನದಿಂದ ಬಾಧಕವೇನೂ ಇಲ್ಲ. ಆಪತ್ಕಾಲದ ಮಾತು ಬೇರೆ.

ಕಾರಣವೇನೆಂದರೆ, ಮಕ್ಕಳ ಔಷಧದ ಪ್ರಮಾಣವು ಬಹುಮಟ್ಟಿಗೆ ವಯಸ್ಸಿಗಿಂತ ತೂಕವನ್ನೇ ಅನುಸರಿಸುತ್ತದೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಕಿಲೋ ಒಂದಕ್ಕೆ 15 ಮಿಲಿಗ್ರಾಮ್. ಹೃದಯವೇ ನಿಂತಾಗ ರಕ್ತನಾಳದಲ್ಲಿ ಕೊಡುವ ಅಡ್ರಿನಲಿನ್ ಕಿಲೋ ಒಂದಕ್ಕೆ ಒಂದು ಮಿಲಿಗ್ರಾಮಿನ ನೂರನೆಯ ಒಂದು ಪಾಲು. ಹಾವಿನ ಕಡಿತಕ್ಕೆ ಮಾತ್ರ ಈ ನಿಯಮವಿಲ್ಲ. ಕೂಸೆಂದು ಕನಿಕರಿಸಿ ಹಾವು ವಿಷವನ್ನು ಕಡಿಮೆ ಮಾಡುವುದಿಲ್ಲವಾದುದರಿಂದ ಪ್ರತಿವಿಷವೂ ಹಿರಿಯರಿಗೆ ಕೊಡುವಷ್ಟೇ ಬೇಕು.

ಹೋದ ಬೇಸಗೆಯಲ್ಲಿ ನಾವು ತಿಕೋಟಾದ ಒಂದು ದ್ರಾಕ್ಷಿಯ ತೋಟಕ್ಕೆ ಹೋಗಿದ್ದೆವು. ಒಣದ್ರಾಕ್ಷಿಯ ಶೆಡ್ಡಿನ ಮಗ್ಗುಲಲ್ಲಿ ಕಲ್ಲು ಸರಿಸಿ ಆಡುತ್ತಿದ್ದ ಕೂಲಿಯವಳ ಮಗನಿಗೆ ಕೆಂಪು ಚೇಳು ಕುಟುಕಿತು. ಕ್ಷಣಮಾತ್ರದಲ್ಲಿ ಹುಡುಗನ ಮೈಯೆಲ್ಲ ಬೆವರಿ ಕೈಕಾಲುಗಳು ತಣ್ಣಗಾದವು, ವಾಂತಿಯೂ ಆಯಿತು. ತೋಟದವರ ಜೀಪಿನಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಓಡಿದೆವು. ಅಲ್ಲಿ ವೈದ್ಯರ ಮೊದಲನೆಯ ಪ್ರಶ್ನೆಯೇ ತೂಕದ್ದು. “ಬರೋ ದೀವಳಿಗಿಗೆ ಐದ ತುಂಬತಾವ್ರಿ ಸಾಹೇಬ್ರ” ಎಂದಳು ಅಜ್ಜಿ. ವಯಸ್ಸನ್ನು ಇಮ್ಮಡಿಸಿ ಎಂಟನ್ನು ಕೂಡಿಸಬೇಕೆಂಬ ಸೂತ್ರವೊಂದು ವೈದ್ಯಗ್ರಂಥಗಳಲ್ಲಿ ಉಂಟು. ಅದರಂತೆ ನಾಲ್ಕು ವರ್ಷದ ಹುಡುಗನಿಗೆ 16 ಕಿಲೋ. ತೂಕದ ಯಂತ್ರದ ಮೇಲೆ ನಿಲ್ಲಿಸೋಣವೆಂದರೆ ಆತ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ವೈದ್ಯರು ಮಲಗಿಸಿಯೇ ನೆತ್ತಿಯಿಂದ ಹಿಮ್ಮಡಿಯವರೆಗೆ ಪಟ್ಟಿ ಹಿಡಿದು ಅಳೆದರು, ತೋಳನ್ನು ಮುಟ್ಟಿ ನೋಡಿದರು, “ಹದಿಮೂರು” ಎಂದರು. ಚೇಳಿನ ವಿಷಕ್ಕೆ ಕೊಡುವ ಪ್ರಾಜೋಸಿನ್ ಕಿಲೋ ಒಂದಕ್ಕೆ 30 ಮೈಕ್ರೋಗ್ರಾಮ್. ಮೂರು ಕಿಲೋ ಹೆಚ್ಚು ಎಣಿಸಿದ್ದರೆ 90 ಮೈಕ್ರೋಗ್ರಾಮ್ ಹೆಚ್ಚು ಬೀಳುತ್ತಿತ್ತು. ಅದಾದರೋ ರಕ್ತದ ಒತ್ತಡವನ್ನು ಇಳಿಸುವ ಮದ್ದು. ಮೂರನೆಯ ದಿನ ಹುಡುಗನು ಎದ್ದು ನಿಂತಾಗ ತೂಗಿದರು: ಹನ್ನೆರಡೂವರೆ.

ಇಂಥ ಪಟ್ಟಿಯನ್ನು 1980ರ ದಶಕದಲ್ಲಿ ಕಲ್ಪಿಸಿದವರು ಅಮೆರಿಕೆಯ ಜೇಮ್ಸ್ ಬ್ರೋಸಲೋ ಎಂಬ ವೈದ್ಯರು. ಕೂಸನ್ನು ಮಲಗಿಸಿ ಪಕ್ಕದಲ್ಲಿ ಪಟ್ಟಿಯನ್ನು ಹಾಸುವುದು. ಹಿಮ್ಮಡಿ ಯಾವ ಬಣ್ಣದ ಮನೆಗೆ ಬೀಳುವುದೋ ಆ ಮನೆಯಲ್ಲಿ ತೂಕವೂ ಔಷಧದ ಪ್ರಮಾಣವೂ ಬರೆದಿರುತ್ತವೆ. ಗಾಬರಿಯ ಗಳಿಗೆಯಲ್ಲಿ ಗುಣಾಕಾರ ಮಾಡುವ ಗೋಜಿಲ್ಲ. ಮೂವತ್ತು ವರ್ಷ ಹುಡುಗರಿಗೆ ಮಗ್ಗಿ ಕಲಿಸಿದ ನಮಗೆ ಇದರ ಉಪಕಾರ ಎಷ್ಟೆಂಬುದು ಬಲ್ಲ ವಿಷಯ.

ಆದರೆ ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆ ಇಲ್ಲೊಂದು ಶಂಕೆ ಹುಟ್ಟದಿರದು. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯನ್ನು ಊಹಿಸಬೇಕಾದರೆ, ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯು ಮೊದಲು ಸಿದ್ಧವಾಗಿರಬೇಕು. ಎತ್ತರ ತೂಕಗಳ ಈ ವ್ಯಾಪ್ತಿಯು ಸಿದ್ಧವಾದುದು ಅಮೆರಿಕೆಯ ಮಕ್ಕಳಲ್ಲಿ. ನಮ್ಮ ಮಕ್ಕಳಲ್ಲಿ ಅದಕ್ಕೆ ತಾರ್ಕಿಕರು ಹೇಳುವ ವ್ಯಭಿಚಾರ ದೋಷವು ತಟ್ಟುತ್ತದೆ. ಭಾರತದ ಮಕ್ಕಳನ್ನು ಅಳೆದು ತೂಗಿ 2008ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, 10 ಕಿಲೋ ಮೀರಿದ ಮಕ್ಕಳನ್ನು ಈ ಪಟ್ಟಿಯು ಇದ್ದುದಕ್ಕಿಂತ ಹತ್ತಕ್ಕೊಂದು ಪಾಲಿಗೂ ಮಿಗಿಲು ಭಾರವೆಂದು ತೋರಿಸಿತು. ಆದುದರಿಂದ ಅಷ್ಟನ್ನು ಕಳೆದು ಎಣಿಸುವುದು ಲೇಸೆಂದು ಸೂಚಿಸಲಾಯಿತು. ವಿನೋದವೇನೆಂದರೆ, ಸ್ವದೇಶದಲ್ಲಿಯೇ ಮಕ್ಕಳು ಸ್ಥೂಲರಾಗುತ್ತ ಬಂದು ಅಲ್ಲಿ ಅದೇ ಪಟ್ಟಿ ತೂಕವನ್ನು ಕಡಿಮೆ ಹೇಳತೊಡಗಿದೆ. ದಕ್ಷಿಣ ಆಫ್ರಿಕದ ವೈದ್ಯರು ಎತ್ತರದೊಡನೆ ಮೈಕಟ್ಟನ್ನೂ ನೋಡಿ ಅಂಕಕೊಡುವ ಪಟ್ಟಿಯನ್ನು ಮಾಡಿಕೊಂಡಿರುವರು; ತೋಳು ಮುಟ್ಟಿ ನೋಡಿದ ನಮ್ಮ ವೈದ್ಯರ ಯುಕ್ತಿಯೂ ಅದೇ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಶರೀರವನ್ನು ಆಯಾ ಮನುಷ್ಯನ ಸ್ವಂತ ಅಂಗುಲದಿಂದಲೇ ಅಳೆಯಬೇಕೆಂದು ವಿಧಿಸಿರುವುದು ನಮಗೆ ಇಲ್ಲಿ ನೆನಪಾಗುತ್ತದೆ. ಪರರ ಬೆರಳು ಅಲ್ಲಿ ಸಲ್ಲದು.

ಎಷ್ಟಾದರೂ ಪಟ್ಟಿಯು ಅನುಮಾನವೇ. ತೂಗಿ ತಿಳಿದುದು ಪ್ರತ್ಯಕ್ಷ. ಅಂಗನವಾಡಿಯಲ್ಲಿ ಕೂಸುಗಳನ್ನು ತೂಗಿ ಬರೆದುಕೊಡುವರು, ಆ ಕಾರ್ಡು ಟ್ರಂಕಿನ ತಳ ಸೇರುವುದು. ಪದೇ ಪದೇ ತೂಗಿದರೆ ದೃಷ್ಟಿಯಾಗುವುದೆಂಬ ಅಜ್ಜಿಯರೂ ಇದ್ದಾರೆ. ದೇವರ ಮುಂದೆ ತುಲಾಭಾರಕ್ಕೆ ಕೂರಿಸುವಾಗ ಮಾತ್ರ ಯಾವ ದೃಷ್ಟಿಯೂ ತಗಲದು!

ಬಬಲೇಶ್ವರದಲ್ಲಿರುವ ನಮ್ಮ ಮಗಳು ಈ ಶ್ರಾವಣದಲ್ಲಿ ಮಗನಿಗೆ ಬೆಲ್ಲದ ತುಲಾಭಾರ ಮಾಡಿಸಿದಳು. ಹರಕೆಯ ಬೆಲ್ಲ ಒಂದು ಹಿಡಿ ಹೆಚ್ಚಾಗಿಯೇ ಬೀಳುವುದು ರೂಢಿ. ಅಂಗಡಿಯವನ ಚೀಟಿಯಲ್ಲಿ 14 ಕಿಲೋ ಎಂದಿತ್ತು. ಆಕೆ ಅದರಲ್ಲಿ ಕಾಲು ಕಿಲೋ ಕಳೆದು, ತಾರೀಖಿನೊಡನೆ, ಅಡಿಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನ ಮೇಲೆ ಬರೆದಿಟ್ಟಳು.